ಕೊಡಗಿನ ಮಳೆಯನ್ನು ತಾಳಿಕೊಳ್ಳುವ ಕಾನ್ಫಿಗರೇಷನ್ ಟೂಲ್ ಯಾವುದು?

ಸೋಮವಾರಪೇಟೆ, ವಿರಾಜಪೇಟೆ, ಗೋಣಿಕೊಪ್ಪಗಳಲ್ಲಿ ಹರಡಿರುವ 40 ಲಿನಕ್ಸ್ ಸರ್ವರ್‌ಗಳನ್ನು ಮಡಿಕೇರಿಯಲ್ಲಿ ಕೂತು ನೋಡಿಕೊಳ್ಳುವವರು ಕಾನ್ಫಿಗರೇಷನ್ ಟೂಲ್ (ಎಲ್ಲ ಸರ್ವರ್‌ಗಳ ಸೆಟ್ಟಿಂಗ್ ಒಂದೇ ಕಡೆಯಿಂದ ಸರಿಯಾಗಿಡುವ ಸಾಫ್ಟ್‌ವೇರ್) ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಜುಲೈನಲ್ಲಿ ಮರ ಬಿದ್ದು ಫೈಬರ್ ಹರಿದು, ಎರಡು ದಿನ ಕಾಣೆಯಾದ ಸರ್ವರ್ ಲೈನ್ ಬಂದಮೇಲೆ ತಾನಾಗಿ ಸರಿಹೋಗುತ್ತದಾ?

ಇಂಥ ಟೂಲ್‌ಗಳಲ್ಲಿ ಆನ್ಸಿಬಲ್ ಕಲಿಯಲು ಸುಲಭ. ಪ್ರತಿ ಸರ್ವರಿನಲ್ಲಿ ಸದಾ ಓಡುವ ಏಜೆಂಟ್ ಎಂಬ ಪ್ರೋಗ್ರಾಂ ಬೇಡ, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್, ಪೈಥಾನ್ ಇದ್ದರಾಯಿತು. ಸರ್ವರ್‌ಗಳೆಲ್ಲ ಒಂದೇ ಕಟ್ಟಡದಲ್ಲಿದ್ದರೆ ಮುಂದೆ ಓದುವುದೇ ಬೇಡ, ಇದನ್ನೇ ಹಾಕಿ. ಡೀಫಾಲ್ಟ್ ಫೋರ್ಕ್ಸ್ (ಒಟ್ಟಿಗೆ ಎಷ್ಟು ಸರ್ವರ್‌ಗಳಲ್ಲಿ ಕೆಲಸ ಎಂಬ ಸಂಖ್ಯೆ) ಮಾತ್ರ ಬರೀ 5. ಅಂದರೆ 40 ಸರ್ವರಿಗೆ ಪ್ರತಿ ಟಾಸ್ಕೂ ಎಂಟು ಕಂತು, ಎಲ್ಲವೂ ಮುಗಿಯುವ ತನಕ ಮುಂದಿನ ಟಾಸ್ಕ್ ಶುರುವಾಗದು. ಭಾಗಮಂಡಲದ ಒಂದು ನಿಧಾನ ಲೈನು ಉಳಿದ 39ನ್ನೂ ಕಾಯಿಸುತ್ತದೆ. ಫೋರ್ಕ್ಸ್ 20ಕ್ಕೆ ಏರಿಸಿ, ಎಸ್‌ಎಸ್‌ಎಚ್ ಓಡಾಟ ತಗ್ಗಿಸುವ ಪೈಪ್‌ಲೈನಿಂಗ್ ಆನ್ ಮಾಡಿ. ಆದರೂ ಲೈನ್ ಇಲ್ಲದ ಸರ್ವರ್ 'ಅನ್‌ರೀಚಬಲ್' ಆಗಿ ಬಿಟ್ಟುಹೋಗುತ್ತದೆ. ನೆನಪಿಟ್ಟು ಮತ್ತೆ ಓಡಿಸಬೇಕಾದವರು ನೀವೇ. ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಐಪಿ ವಿಳಾಸ ಹಂಚುವ ಏರ್ಪಾಡು) ಹಿಂದಿನ ಸರ್ವರಿಗಂತೂ ಹೊರಗಿನಿಂದ ಎಸ್‌ಎಸ್‌ಎಚ್ ಹೋಗುವುದೇ ಇಲ್ಲ, ವೈರ್‌ಗಾರ್ಡ್ ವಿಪಿಎನ್ ಹಾಕಿ, ಲೈನ್ ಜೀವಂತ ಇಡುವ ಕೀಪಲೈವ್ 25 ಸೆಕೆಂಡ್ ಇಡಬೇಕು.

ಪಪೆಟ್‌ನಲ್ಲಿ ಏಜೆಂಟೇ 30 ನಿಮಿಷಕ್ಕೊಮ್ಮೆ ಕೇಂದ್ರದ ಪಪೆಟ್ ಸರ್ವರಿನ 8140 ಪೋರ್ಟಿಗೆ ಹೋಗಿ ಕ್ಯಾಟಲಾಗ್ (ಸರ್ವರ್ ಹೇಗಿರಬೇಕೆಂಬ ಪಟ್ಟಿ) ತರುತ್ತದೆ, ಸಿಗದಿದ್ದರೆ ಹಳೆಯದನ್ನೇ ಜಾರಿ ಮಾಡುತ್ತದೆ. ಈ ಊರಿಗೆ ಹೇಳಿ ಮಾಡಿಸಿದ ಗುಣ. ಎಡವುವುದು ಗಡಿಯಾರದಲ್ಲಿ. ಗಡಿಯಾರ ನಡೆಸುವ ಸಿಮೋಸ್ ಬ್ಯಾಟರಿ ಸತ್ತ ಸರ್ವರ್ ಕರೆಂಟ್ ಹೋಗಿ ಬಂದಾಗ ಯಾವುದೋ ಹಳೇ ತಾರೀಖಿನಲ್ಲಿ ಏಳುತ್ತದೆ. ಗುರುತಿನ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೇ ಬಂದಿಲ್ಲ ಎಂದು ಏಜೆಂಟ್ ಮುಷ್ಕರ ಹೂಡುತ್ತದೆ. ಸರ್ಟಿಫಿಕೇಟ್ ಅಳಿಸಿ ಮತ್ತೆ ಸಹಿ ಹಾಕಿಸುವುದು ದಂಡದ ಕೆಲಸ. ಆ ಸಿಆರ್2032 ಬ್ಯಾಟರಿ ಬದಲಿಸಿ, ನೆಟ್ ನೋಡಿ ಗಡಿಯಾರ ಹೊಂದಿಸುವ ಕ್ರೋನಿ ಸಮಯ ಸರಿಮಾಡಿದ ಮೇಲೆಯೇ ಏಜೆಂಟ್ ಶುರುವಾಗುವಂತೆ ಮಾಡಿ. ಪಪೆಟ್ ಸರ್ವರಿನ ಜಾವಾ ಹೀಪ್ (ಅದು ಬಳಸುವ ಮೆಮೊರಿ) ಡೀಫಾಲ್ಟಾಗಿಯೇ 2 ಜಿಬಿ, ಹಳೇ ಡೆಸ್ಕ್‌ಟಾಪಿನಲ್ಲಿ ಕೂರಿಸಲು ಹೋಗಬೇಡಿ.

ಸಾಲ್ಟ್ ಚುರುಕು. ಸರ್ವರಿನಲ್ಲಿರುವ ಮಿನಿಯನ್ನೇ (ಸಾಲ್ಟ್‌ನ ಏಜೆಂಟ್) ಹೊರಗೆ ಮಾಸ್ಟರಿನ (ಕೇಂದ್ರ ಸರ್ವರ್) 4505, 4506 ಪೋರ್ಟಿಗೆ ಕನೆಕ್ಟ್ ಆಗುವುದರಿಂದ ಸಿಜಿನ್ಯಾಟ್ ತಲೆನೋವಿಲ್ಲ. ಆಫ್‌ಲೈನ್ ಇದ್ದಾಗ ಕಳಿಸಿದ ಆಜ್ಞೆ ಮಾತ್ರ ಹೋದಂತೆಯೇ. ಸ್ಟಾರ್ಟಪ್ ಸ್ಟೇಟ್ಸ್‌ಗೆ ಹೈಸ್ಟೇಟ್ (ಇಡೀ ಸೆಟ್ಟಿಂಗ್ ಜಾರಿ ಮಾಡುವ ಆಜ್ಞೆ) ಕೊಟ್ಟು, ಶೆಡ್ಯೂಲೂ ಹಾಕಿ. ಮಾಸ್ಟರಿನ ಆ ಎರಡು ಪೋರ್ಟ್ ಇಂಟರ್ನೆಟ್ಟಿಗೆ ತೆರೆದಿಟ್ಟವರು 2020ರಲ್ಲಿ ಹ್ಯಾಕರ್‌ಗಳಿಂದ ಪೆಟ್ಟು ತಿಂದಿದ್ದಾರೆ. ಷೆಫ್‌ಗೆ (ಇದೂ ಇಂಥದೇ ಟೂಲ್) ರೂಬಿ ಭಾಷೆ ಬೇಕು, ಇಬ್ಬರ ತಂಡಕ್ಕೆ ಅತಿಯಾಯಿತು.

ಇಷ್ಟು ಸರ್ವರಿಗೆ ನಮ್ಮ ಓಟು ಆನ್ಸಿಬಲ್-ಪುಲ್‌ಗೆ. ಇದರಲ್ಲಿ ಪ್ರತಿ ಸರ್ವರೂ ಗಿಟ್ ರೆಪೊದಿಂದ (ಕಡತಗಳ ಭಂಡಾರ) ಪ್ಲೇಬುಕ್ (ಕೆಲಸಗಳ ಪಟ್ಟಿ) ತಾನೇ ತಂದು ಓಡಿಸಿಕೊಳ್ಳುತ್ತದೆ. ಆನ್ಸಿಬಲ್, ಗಿಟ್ ಎರಡನ್ನೂ ಪ್ರತಿ ಸರ್ವರಿನಲ್ಲಿ ಹಾಕಿ, ಲಿನಕ್ಸ್‌ನ ಸಿಸ್ಟಂಡಿ ಟೈಮರ್ 30 ನಿಮಿಷಕ್ಕೆ ಇಟ್ಟು, 10 ನಿಮಿಷದ ರ‍್ಯಾಂಡಮ್ ಡಿಲೇ ಕೊಡಿ. 'ಓನ್ಲಿ-ಇಫ್-ಚೇಂಜ್ಡ್' ಆಯ್ಕೆಯ ಆಸೆಗೆ ಬೀಳಬೇಡಿ: ಪ್ಲೇಬುಕ್ ನಡುವೆ ಕರೆಂಟ್ ಹೋದರೆ, ಮುಂದಿನ ಸಲ ರೆಪೊ ಬದಲಾಗಿಲ್ಲ ಎಂದು ಅರ್ಧ ಕೆಲಸವನ್ನು ಹಾಗೇ ಬಿಡುತ್ತದೆ. 'ಫೋರ್ಸ್' ಹಾಕಿದರೆ ನೆಟ್ ಇಲ್ಲದಾಗಲೂ ಕೈಯಲ್ಲಿರುವ ಪ್ರತಿಯನ್ನೇ ಓಡಿಸುತ್ತದೆ. ಆನ್ಸಿಬಲ್-ಪುಲ್‌ನ ದೊಡ್ಡ ಕೊರತೆ ಗುಟ್ಟಿನದು (ಪಾಸ್‌ವರ್ಡ್, ಕೀಲಿಗಳದು). ಗುಟ್ಟುಗಳಿಗೆ ಬೀಗ ಹಾಕುವ ವಾಲ್ಟ್‌ನ ಪಾಸ್‌ವರ್ಡ್ ಪ್ರತಿ ಸರ್ವರಿನಲ್ಲೂ ಕೂರುತ್ತದೆ, ತೋಟದ ಆಫೀಸಿನಿಂದ ಒಂದು ಪೆಟ್ಟಿಗೆ ಕಳುವಾದರೆ ಎಲ್ಲದರ ಗುಟ್ಟೂ ಹೋಯಿತು. ಪ್ರತಿ ಜಾಗಕ್ಕೂ ಬೇರೆ ವಾಲ್ಟ್, ಬೇರೆ ಓದುವ-ಮಾತ್ರ ಡಿಪ್ಲಾಯ್ ಕೀ (ರೆಪೊ ತೆರೆಯುವ ಕೀಲಿ), ಬೇರೆ ರೆಪೊ ಮಾಡಿಕೊಳ್ಳಿ.