‘ಕ್ಯಾಪಿಟಲ್’ ಓದಬೇಕಾ, ಬೇಡವಾ? ಮೂರು ದಾರಿ ನೋಡಿದೆ

ಬಂಡವಾಳಶಾಹಿ ವ್ಯವಸ್ಥೆಯ ಬಗ್ಗೆ ಮಾರ್ಕ್ಸ್ ಬರೆದ ‘ಕ್ಯಾಪಿಟಲ್’ನಲ್ಲಿ ಮೊದಲ ಸಂಪುಟವೇ ಸಾಕಷ್ಟು ದಪ್ಪ. ಒಂದು ಮಳೆಗಾಲ ಪೂರ್ತಿ ಇದಕ್ಕೆ ಕೊಡಬಹುದಾ ಅಂತ ಮೊದಲೇ ತಿಳಿಯುವುದು ಹೇಗೆ? ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಕೂತು ಮೂರು ರೀತಿ ಪ್ರಯತ್ನಿಸಿದೆ.

ಒಂದು, ಮೊದಲ ಪುಟದಿಂದಲೇ ಹಿಡಿಯುವುದು. 20 ಗಜ ಲಿನನ್ ಬಟ್ಟೆ ತೊಡುವ ಒಂದು ಕೋಟ್‌ಗೆ ಸಮ ಅನ್ನುವ ಲೆಕ್ಕವನ್ನೇ ತಿರುಗಿಸಿ ಮುರುಗಿಸಿ ನೋಡುತ್ತಾರೆ. ಯಾಕೆ ಅಂತ ಗೊತ್ತಾಗುವಷ್ಟರಲ್ಲಿ ತಾಳ್ಮೆ ಮುಗಿದಿರುತ್ತದೆ.

ಇನ್ನೊಂದು, ಸಾರಾಂಶದ ಪುಸ್ತಕ. ಬೇಗ ಮುಗಿಯುತ್ತದೆ. ತೀರ್ಮಾನಗಳು ಸಿಗುತ್ತವೆ, ಅಲ್ಲಿಗೆ ಬಂದ ದಾರಿ ಸಿಗುವುದಿಲ್ಲ. ಮೂಲ ಓದಬೇಕಾ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

ನನ್ನ ಓಟು ಮೂರನೆಯದಕ್ಕೆ. ನಡುವಿನ ಒಂದು ಅಧ್ಯಾಯ ತೆಗೆದು, ನಮಗೆ ಚೆನ್ನಾಗಿ ಗೊತ್ತಿರುವ ಸಂಗತಿಯ ಪಕ್ಕ ಇಟ್ಟು ಓದುವುದು. ನಾನು ಕೆಲಸದ ದಿನದ ಬಗ್ಗೆ ಇರುವ 10ನೇ ಅಧ್ಯಾಯ ಆರಿಸಿಕೊಂಡೆ. ಸುಮ್ನೆ ಅಲ್ಲ. ಸುಲಭವಾಗಿ ಓದಿಸಿಕೊಳ್ಳುವ ಅಧ್ಯಾಯಗಳಲ್ಲಿ ಇದೂ ಒಂದು, ನಿಮ್ಮ ಹೆಂಡತಿಗೆ ಹೇಳಿ ಅಂತ 1867ರಲ್ಲಿ ಮಾರ್ಕ್ಸ್ ತಾವೇ ಗೆಳೆಯ ಕುಗೆಲ್ಮನ್‌ಗೆ ಕಾಗದ ಬರೆದಿದ್ದರು.

ಅದರಲ್ಲಿ ಈಗಿನ ರುಮೇನಿಯಾ ಕಡೆಯ ರೈತರ ವಿಷಯ ಬರುತ್ತದೆ. ಜಮೀನ್ದಾರನಿಗೆ ವರ್ಷಕ್ಕೆ 14 ದಿನ ಬಿಟ್ಟಿ ದುಡಿಯಬೇಕು ಅಂತ ಕಾನೂನು. ಆದರೆ ಒಂದು ದಿನದ ಕೆಲಸ ಅಂದರೆ ಎಷ್ಟು ಅನ್ನುವ ಅಳತೆಯನ್ನೇ ಹಿಗ್ಗಿಸಿದ್ದರು. ಹಾಗಾಗಿ 14 ದಿನ 42 ದಿನ ಆಗುತ್ತಿತ್ತು. ಇದನ್ನು ಓದಿದ ಸಾಗರದವರಿಗೆ ಇಲ್ಲಿನ ಕಾಗೋಡು ಹಳ್ಳಿಯ ಹೋರಾಟ ನೆನಪಾಗಲೇಬೇಕು, ಅಲ್ವಾ? 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಅಲ್ಲೂ ಅಳತೆಯ ಜಗಳ ಇತ್ತು. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದು ಅನ್ನುವುದು ಅವರ ದೂರು. ಲೆಕ್ಕದಲ್ಲಿ ಕೊಳಗ ಅಷ್ಟೇ, ಒಡೆಯರ ಕಣಜಕ್ಕೆ ಹೋಗುವ ಭತ್ತ ಮಾತ್ರ ಜಾಸ್ತಿ.

ಪುಸ್ತಕ ಇಷ್ಟಕ್ಕೇ ನಿಂತಿದ್ದರೆ ನಮಗೆ ಗೊತ್ತಿದ್ದದ್ದನ್ನೇ ಹೇಳಿತು ಅನ್ನಬಹುದಿತ್ತು. ಅದು ಮುಂದೆ ಹೋಗುತ್ತದೆ. ಬಿಟ್ಟಿ ಕೆಲಸದಲ್ಲಿ ಒಡೆಯನ ಪಾಲು ಕಣ್ಣಿಗೆ ಕಾಣುತ್ತದೆ, ಕಾರ್ಖಾನೆಯ ಕೂಲಿಯಲ್ಲಿ ದುಡಿಯುವವನ ಪಾಲು, ಒಡೆಯನ ಪಾಲು ಎರಡೂ ಒಂದರೊಳಗೊಂದು ಬೆರೆತುಹೋಗಿರುತ್ತದೆ ಅನ್ನುತ್ತಾರೆ ಮಾರ್ಕ್ಸ್. ಕಾಗೋಡಿನ ಕಥೆ ಕೇಳಿ ಬೆಳೆದ ನನಗೂ ಇದು ಹೊಳೆದಿರಲಿಲ್ಲ. ಪೂರ್ತಿ ಓದಬೇಕು ಅಂತ ನಿರ್ಧಾರ ಆದದ್ದು ಇಲ್ಲೇ.

ಎಲ್ಲ ಪುಸ್ತಕಕ್ಕೂ ಈ ದಾರಿ ನಡೆಯುವುದಿಲ್ಲ. ಜರ್ಮನ್ ತತ್ವಜ್ಞಾನಿ ಕಾಂಟ್ 1781ರಲ್ಲಿ ತಂದ ದೊಡ್ಡ ಗ್ರಂಥ ‘ಕ್ರಿಟಿಕ್ ಆಫ್ ಪ್ಯೂರ್ ರೀಸನ್’ ಅನ್ನು ನಡುವಿನಿಂದ ತೆರೆದರೆ ತಲೆಬುಡ ತಿಳಿಯುವುದಿಲ್ಲ. ಅಲ್ಲಿ 1783ರಲ್ಲಿ ಅವರೇ ಬರೆದ ಚಿಕ್ಕ ‘ಪ್ರೊಲೆಗೊಮೆನಾ’ವನ್ನು ಮೊದಲು ಓದುವುದೇ ವಾಸಿ.