ಸಿಡಿಜೆ-3000 ಇರುವವರು 3000ಎಕ್ಸ್‌ಗೆ ಹೋಗಬೇಕೇ? ಮದುವೆ ಮನೆಯ ಡಿಜೆಯೊಬ್ಬನ ಬಳಕೆಯ ಅನುಭವ

ಸಿಡಿಜೆ-3000 ಎಂದರೆ ಡಿಜೆಗಳು ಹಾಡು ನುಡಿಸಲು ಬಳಸುವ ಪಯೋನಿಯರ್ ಡಿಜೆ ಪ್ಲೇಯರ್; 3000ಎಕ್ಸ್ ಅದರ ಹೊಸ ಆವೃತ್ತಿ. ಪರದೆಯ ಅಳತೆ, ಧ್ವನಿಯ ಬಿಟ್ ಲೆಕ್ಕ, ಹಿಂಬದಿಯಲ್ಲಿ ಏನೇನು ಸಾಕೆಟ್ ಇದೆ ಎಂಬುದನ್ನೆಲ್ಲ ಓದಿಕೊಂಡೇ ನೀವು ಬಂದಿರುತ್ತೀರಿ. ಅದನ್ನು ಮತ್ತೆ ಒಪ್ಪಿಸುವುದಿಲ್ಲ. ನನಗೆ ಹೇಳಬೇಕಾಗಿರುವುದು ಹೆಚ್ಚಾಗಿ ಒಂದೇ ಸೌಲಭ್ಯದ ಬಗ್ಗೆ: ಟಚ್ ಪ್ರಿವ್ಯೂ, ಅಂದರೆ ಹಾಡನ್ನು ಲೋಡ್ ಮಾಡದೆಯೇ ಪರದೆ ಮುಟ್ಟಿ ಕೇಳಿ ನೋಡುವುದು. ಸಿಡಿಜೆ-3000 ಜೋಡಿಯನ್ನು ಕೊಳ್ಳುವಾಗ ನಾನು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಈಗ ಅದಿಲ್ಲದ ಯಂತ್ರದ ಮುಂದೆ ನಿಂತರೆ ಕೈ ಕಟ್ಟಿ ಹಾಕಿದಂತಾಗುತ್ತದೆ.

ನನ್ನ ಕೆಲಸ ಎಂಥದ್ದು ಎಂದು ಮೊದಲೇ ತಿಳಿಸುವುದು ಒಳ್ಳೆಯದು. ವಿಜಯನಗರ, ರಾಜಾಜಿನಗರ, ನಾಗರಬಾವಿ ಕಡೆಯ ಕಲ್ಯಾಣ ಮಂಟಪಗಳ ಆರತಕ್ಷತೆ, ಕನಕಪುರ ರಸ್ತೆಯ ರೆಸಾರ್ಟ್‌ಗಳ ಸಂಗೀತ್ ಮತ್ತು ಅರಿಶಿನ ಶಾಸ್ತ್ರ, ಆಗೊಮ್ಮೆ ಈಗೊಮ್ಮೆ ಕೋರಮಂಗಲದಲ್ಲಿ ಒಂದು ಪಬ್. ರಾತ್ರಿಯಿಡೀ ಟೆಕ್ನೊ ನುಡಿಸುವವರಿಗೆ ನನ್ನ ತೀರ್ಪು ಒಗ್ಗದೆ ಹೋಗಬಹುದು. ಅವರ ಬಳಿಗೆ ಯಾರೂ ಬಂದು ಹಾಡು ಕೇಳುವುದಿಲ್ಲ. ಕೇಳಿದರೂ ಅವರು ಹಾಕುವುದಿಲ್ಲ. ನನ್ನ ಬಳಿಗೆ ಬರುವವರು ಹುಡುಗಿಯ ಸೋದರಮಾವ. ಹಾಕದಿದ್ದರೆ ಉಳಿದ ಹಣ ಕೊಡುವಾಗ ನೆನಪಿಟ್ಟುಕೊಂಡಿರುತ್ತಾರೆ.

ಅವರು ಹಾಡಿನ ಹೆಸರು ಹೇಳುವುದಿಲ್ಲ. "ಅಪ್ಪಾ, ಅದೊಂದು ಇದೆಯಲ್ಲ, ಮಳೆಯಲ್ಲಿ ನೆನೆದುಕೊಂಡು ಹಾಡುತ್ತಾರಲ್ಲ, ಅದನ್ನು ಹಾಕಪ್ಪ" ಎನ್ನುತ್ತಾರೆ. ಮಳೆಯಲ್ಲಿ ನೆನೆಯದ ನಾಯಕ ನಮ್ಮ ಚಿತ್ರರಂಗದಲ್ಲಿ ಯಾರಿದ್ದಾನೆ? ಹಳೆಯ ಹಾಡುಗಳ ಕಡತಗಳೋ ಯಾವ ಯಾವ ಕೈಗಳಿಂದಲೋ ಬಂದಂಥವು. "ಟ್ರ್ಯಾಕ್ 07", "ಹೊಸ ಫೈನಲ್ 2" ಎಂಬಂಥ ಹೆಸರುಗಳು. ಮೊದಲು ನನ್ನ ಬಳಿ 2016ರ ಸಿಡಿಜೆ-2000 ನೆಕ್ಸಸ್ 2 ಇತ್ತು. ಅದರಲ್ಲಿ ಹಾಡು ಇದೇ ಹೌದೇ ಎಂದು ನೋಡಬೇಕಾದರೆ, ಮುಂದಿನದಕ್ಕೆಂದು ಎರಡನೆಯ ಡೆಕ್‌ನಲ್ಲಿ, ಅಂದರೆ ಎರಡನೆಯ ಪ್ಲೇಯರ್‌ನಲ್ಲಿ, ಸಿದ್ಧ ಮಾಡಿಟ್ಟಿದ್ದ ಹಾಡನ್ನು ತೆಗೆದು ಇದನ್ನು ಲೋಡ್ ಮಾಡಬೇಕು, ಹೆಡ್‌ಫೋನ್‌ನಲ್ಲಿ ಕೇಳಬೇಕು, ಅಲ್ಲವಾದರೆ ಇನ್ನೊಂದನ್ನು ಹುಡುಕಬೇಕು. ಅಷ್ಟರಲ್ಲಿ ಮೊದಲ ಡೆಕ್‌ನ ಹಾಡು ಕೊನೆಯ ಚರಣಕ್ಕೆ ಬಂದಿರುತ್ತದೆ. 3000ದಲ್ಲಿ ಪಟ್ಟಿಯಲ್ಲಿ ಹಾಡಿನ ಎದುರಿಗೆ ಕಾಣುವ ಅಲೆಗೆರೆಯನ್ನು ಬೆರಳಿನಿಂದ ಮುಟ್ಟಿದರೆ ಸಾಕು. ಲೋಡ್ ಮಾಡದೆಯೇ ಆ ಜಾಗದ ತುಣುಕು ಹೆಡ್‌ಫೋನ್‌ನಲ್ಲಿ ಕೇಳುತ್ತದೆ. ಒಂದು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಪಲ್ಲವಿಯ ಮೇಲೆ ಬೆರಳಿಟ್ಟು, ಮಾವನವರ ಮುಖ ನೋಡಿ ತಲೆಯಾಡಿಸುತ್ತೇನೆ. ಕೆಲವೊಮ್ಮೆ ಹೆಡ್‌ಫೋನನ್ನೇ ಅವರ ಕಿವಿಗೆ ಹಿಡಿಯುತ್ತೇನೆ. ಆಗ ಅವರಿಗಾಗುವ ಹಿಗ್ಗನ್ನು ಯಾವ ಕಂಪನಿಯ ಜಾಹೀರಾತೂ ತೋರಿಸಿಲ್ಲ.

ಹೀಗೆ ಉಳಿಯುವ ಒಂದೆರಡು ನಿಮಿಷಕ್ಕೆ ಇಷ್ಟು ಬೆಲೆ ಯಾಕೆಂದರೆ, ಬಯಲಿನ ಕಾರ್ಯಕ್ರಮಗಳಲ್ಲಿ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು. ವಧೂವರರ ಫೋಟೊ ಸಾಲು ಕರಗಿ, ಊಟ ಮುಗಿಸಿದ ಜನ ಕುಣಿಯಲು ಬರುವ ಹೊತ್ತಿಗೆ ಎಂಟೂವರೆ ದಾಟಿರುತ್ತದೆ. ಉಳಿದಷ್ಟು ಸಮಯದಲ್ಲೇ ಎರಡೂ ಕಡೆಯ ಬೀಗರನ್ನು ಕುಣಿಸಬೇಕು, ತಮಟೆಯವರು ಬಂದಿದ್ದರೆ ಅವರಿಗೂ ಜಾಗ ಬಿಡಬೇಕು.

ಒಂದು ಎಚ್ಚರಿಕೆ. ಟಚ್ ಪ್ರಿವ್ಯೂನ ಧ್ವನಿ ಬರುವುದು, ಪ್ಲೇಯರ್‌ಗಳ ಧ್ವನಿ ಬೆರೆಸುವ ಮಿಕ್ಸರ್‌ನಲ್ಲಿರುವ ಲಿಂಕ್ ಕ್ಯೂ ಎಂಬ ಹೆಡ್‌ಫೋನ್ ಸೌಲಭ್ಯದ ಮೂಲಕ. ಅಂದರೆ ಪ್ಲೇಯರ್ ಮತ್ತು ಮಿಕ್ಸರ್ ನೆಟ್‌ವರ್ಕ್ ಕೇಬಲ್‌ನಲ್ಲಿ ಬೆಸೆದುಕೊಂಡಿರಬೇಕು, ಮಿಕ್ಸರ್ ಡಿಜೆಎಂ-900 ನೆಕ್ಸಸ್ 2, ವಿ10 ಅಥವಾ ಎ9ರಂಥ ದೊಡ್ಡ ಮಾದರಿಯಾಗಿರಬೇಕು. ಪ್ಲೇಯರ್‌ನ ಬೆಲೆಯನ್ನು ಮಾತ್ರ ನೋಡಿ ಹಣ ಕೂಡಿಸುತ್ತಿರುವವರು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಜೊತೆಗೆ ಹಾಡುಗಳನ್ನು ರೆಕಾರ್ಡ್‌ಬಾಕ್ಸ್ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ಮುಂಚೆಯೇ ವಿಶ್ಲೇಷಿಸಿ ಪೆನ್ ಡ್ರೈವ್‌ಗೆ ಇಳಿಸಿಕೊಂಡಿರಬೇಕು.

ಆ ಕೆಲಸವನ್ನು ನಾನು ಮನೆಯವರೆಲ್ಲ ಮಲಗಿದ ಮೇಲೆ ಊಟದ ಮೇಜಿನ ಮೇಲೆ ಮಾಡುತ್ತೇನೆ. ಒಂದು ಲೋಟ ಬೆಲ್ಲದ ಕಾಫಿ, ಲ್ಯಾಪ್‌ಟಾಪ್, ಎರಡು ಪೆನ್ ಡ್ರೈವ್, ಒಂದು ಎಸ್‌ಡಿ ಕಾರ್ಡ್. ಹಳೆಯ ಚಿತ್ರಗೀತೆಗಳು ಇಡೀ ವಾದ್ಯವೃಂದ ಒಟ್ಟಿಗೆ ಕುಳಿತು ನುಡಿಸಿದ ಕಾಲದವಾದ್ದರಿಂದ ಲಯ ಒಂದೇ ವೇಗದಲ್ಲಿ ನಿಲ್ಲುವುದಿಲ್ಲ; ಚರಣಕ್ಕೆ ಬರುವಾಗ ಸ್ವಲ್ಪ ಓಡುತ್ತದೆ, ಪಲ್ಲವಿಗೆ ಮರಳುವಾಗ ಸುಧಾರಿಸಿಕೊಳ್ಳುತ್ತದೆ. ಇಂಥವನ್ನು ವೇಗದ ಏರಿಳಿತವನ್ನೂ ಹಿಡಿಯುವ ಡೈನಾಮಿಕ್ ವಿಧಾನದಲ್ಲಿ ವಿಶ್ಲೇಷಿಸಬೇಕು. ಆಮೇಲೂ ಎರಡು ಹಾಡುಗಳ ಲಯವನ್ನು ತಾನೇ ಹೊಂದಿಸುವ ಸಿಂಕ್ ಗುಂಡಿಯನ್ನು ನಂಬದೆ ಕಿವಿಯನ್ನೇ ನಂಬಬೇಕು. ಹಾಟ್ ಕ್ಯೂಗಳಿಗೆ, ಅಂದರೆ ಹಾಡಿನ ಬೇಕಾದ ಜಾಗಕ್ಕೆ ನೇರವಾಗಿ ಹಾರಲು ಇಟ್ಟುಕೊಳ್ಳುವ ಗುರುತುಗಳಿಗೆ, ನನ್ನದೇ ಬಣ್ಣದ ಪದ್ಧತಿ ಇದೆ: ಪಲ್ಲವಿಗೆ ಹಸಿರು, ಚರಣಕ್ಕೆ ನೀಲಿ, ಮಧ್ಯದ ಬಿಜಿಎಂಗೆ ಹಳದಿ, ಜನ ಶಿಳ್ಳೆ ಹೊಡೆಯುವ ಜಾಗಕ್ಕೆ ಕೆಂಪು. ಹಳೆಯ ಯಂತ್ರದಲ್ಲಿ ಎಂಟು ಕ್ಯೂಗಳಿಗೆ ನಾಲ್ಕೇ ಗುಂಡಿಗಳಿದ್ದು, ಉಳಿದ ನಾಲ್ಕಕ್ಕೆ ಬ್ಯಾಂಕ್ ಬದಲಿಸಬೇಕಿತ್ತು. 3000ದಲ್ಲಿ ಪರದೆಯ ಕೆಳಗೆ ಎಂಟೂ ಸಾಲಾಗಿವೆ. ಕಣ್ಣು ಹಾಯಿಸದೆಯೇ ಬೆರಳು ಅಲ್ಲಿಗೆ ಹೋಗುತ್ತದೆ.

ಹಾಡಿನ ಶ್ರುತಿಯನ್ನು ಏರಿಸಿ ಇಳಿಸುವ ಕೀ ಶಿಫ್ಟ್ ಬಗ್ಗೆಯೂ ಒಂದು ಮಾತು. ಆರತಕ್ಷತೆಯಲ್ಲಿ ಹಾಡಲು ಮೈಕು ಹಿಡಿಯುವ ಚಿಕ್ಕಪ್ಪಂದಿರಿಗೆ ಕರೋಕೆ ಟ್ರ್ಯಾಕಿನ ಶ್ರುತಿ ಎಂದೂ ಹೊಂದುವುದಿಲ್ಲ. ಎರಡು ಸ್ವರಸ್ಥಾನ ಇಳಿಸಿಕೊಟ್ಟರೆ ಅವರಿಗೂ ಸುಖ, ಕೇಳುವವರಿಗೂ ಕ್ಷೇಮ.

ಇನ್ನು 3000ಎಕ್ಸ್. 2025ರಲ್ಲಿ ಪಯೋನಿಯರ್ ಡಿಜೆ ಬದಲು ಆಲ್ಫಾಥೀಟಾ ಹೆಸರಿನಲ್ಲಿ ಅದು ಬಂದಾಗಿನಿಂದ ಪರಿಚಯದ ಹುಡುಗರೆಲ್ಲ ಇದೇ ಪ್ರಶ್ನೆ ಕೇಳುತ್ತಿದ್ದಾರೆ. ಅರಮನೆ ಮೈದಾನದ ದೊಡ್ಡ ಮದುವೆಗಳಿಗೆ ಬಾಡಿಗೆಗೆ ತರಿಸಿ ನುಡಿಸಿದ್ದೇನೆ. ಕಂಪನಿ ಹೆಚ್ಚು ಹೆಮ್ಮೆಪಡುವುದು ಯಂತ್ರದೊಳಗೇ ಇರುವ ವೈಫೈ ಬಗ್ಗೆ: ಫೋನ್ ತಾಗಿಸಿ ಲಾಗಿನ್ ಆಗಬಹುದು, ಕ್ಲೌಡ್‌ನಿಂದ ನೇರವಾಗಿ ಹಾಡು ಎಳೆದುಕೊಳ್ಳಬಹುದು, ಡಿಜೆಗಳಿಗೆ ಹಾಡು ಒದಗಿಸುವ ಬೀಟ್‌ಪೋರ್ಟ್ ತಾಣದ ಸ್ಟ್ರೀಮಿಂಗ್ ನುಡಿಸಬಹುದು. ಸರಿ. ಆದರೆ ನಮ್ಮ ಮಂಟಪಗಳಲ್ಲಿ ವೈಫೈ ಗುಪ್ತಪದ ಮ್ಯಾನೇಜರ್ ಒಬ್ಬರಿಗೇ ಗೊತ್ತು, ಅವರು ಯಾವಾಗಲೂ ಊಟಕ್ಕೆ ಹೋಗಿರುತ್ತಾರೆ. ಫೋನಿನ ಹಾಟ್‌ಸ್ಪಾಟ್ ಇದೆಯಲ್ಲ ಎನ್ನುತ್ತೀರಾ? ಸಾವಿರ ಜನ ಒಂದೇ ಸಭಾಂಗಣದಲ್ಲಿ ನಿಂತು ಮಾಲೆ ಬದಲಾಯಿಸುವುದರ ವಿಡಿಯೊ ಕಳಿಸುತ್ತಿರುವಾಗ ಅದನ್ನು ನಂಬಿಕೊಂಡು ವೇದಿಕೆ ಹತ್ತುವ ಧೈರ್ಯ ನನಗಿಲ್ಲ. ಬೀಟ್‌ಪೋರ್ಟ್ ಚಂದಾ ಕಟ್ಟಿದರೂ ನನಗೆ ಬೇಕಾದ ಕನ್ನಡ ರೀಮಿಕ್ಸ್‌ಗಳು ಅಲ್ಲಿ ಸಿಗುವುದಿಲ್ಲ. ಅವು ಓಡಾಡುವುದು ಪೆನ್ ಡ್ರೈವ್‌ಗಳಲ್ಲಿ, ಟೆಲಿಗ್ರಾಂನಲ್ಲಿ, "ಅಣ್ಣಾ, ಇದನ್ನು ಬೇರೆ ಯಾರಿಗೂ ಕೊಡಬೇಡಿ" ಎಂಬ ಮಾತಿನೊಂದಿಗೆ. ಡ್ರಾಪ್‌ಬಾಕ್ಸ್‌ಗೋ ಗೂಗಲ್ ಡ್ರೈವ್‌ಗೋ ಏರಿಸಿಟ್ಟು ಕ್ಲೌಡ್‌ನಿಂದ ನುಡಿಸಬಹುದು ನಿಜ. ಆದರೆ ಫರ್ಮ್‌ವೇರ್ ನವೀಕರಣದ ಮೂಲಕ ಕ್ಲೌಡ್‌ನಿಂದ ನುಡಿಸುವುದು ಹಳೆಯ 3000ಕ್ಕೂ ಬಂದಿದೆ. ಇಂಟರ್‌ನೆಟ್ ಕೇಬಲ್ ಎಳೆದುಕೊಳ್ಳಬೇಕು, ಅಷ್ಟೇ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಎಸ್‌ಡಿ ಕಾರ್ಡ್ ಜಾಗವನ್ನು ಕಿತ್ತುಹಾಕಿದ್ದಕ್ಕೆ. ನನ್ನ ಎರಡನೆಯ ಪ್ಲೇಯರ್‌ನಲ್ಲಿ ಎಲ್ಲ ಹಾಡುಗಳ ಪ್ರತಿ ಇರುವ ಕಾರ್ಡ್ ಸದಾ ಕುಳಿತಿರುತ್ತದೆ. ಪೆನ್ ಡ್ರೈವ್ ಹೊರಗೆ ಚಾಚಿಕೊಂಡಿರುವ ವಸ್ತು. ಮಕ್ಕಳ ಕೈ, ಛಾಯಾಗ್ರಾಹಕರ ಚೀಲದ ಪಟ್ಟಿ, ಜ್ಯೂಸ್ ಲೋಟ, ಎಲ್ಲಕ್ಕೂ ಸಿಗುತ್ತದೆ. ಕಾರ್ಡ್ ಒಳಗೆ ಕುಳಿತರೆ ಯಾರ ಗೊಡವೆಗೂ ಬರುವುದಿಲ್ಲ. ಅದನ್ನು ತೆಗೆದು ಯುಎಸ್‌ಬಿ-ಸಿ ಕೊಟ್ಟಿದ್ದಾರೆ.

ಬೈದದ್ದಾಯಿತು, ಹೊಗಳಬೇಕಾದದ್ದೂ ಇದೆ. 10.1 ಇಂಚಿನ ಪರದೆಯ ಮುಂದೆ ನಿಂತ ಮೊದಲ ಸಂಜೆಯೇ ನನ್ನ ಕನ್ನಡಕ ಜೇಬಿನಲ್ಲಿ ಉಳಿಯಿತು. ನಲವತ್ತು ದಾಟಿದವರಿಗೆ, ಮಂದ ಬೆಳಕಿನಲ್ಲಿ ಹಾಡಿನ ಹೆಸರು ಓದಲು ಬಾಗಬೇಕಾಗಿಲ್ಲ ಎಂಬುದು ಸಣ್ಣ ಸಂಗತಿಯಲ್ಲ. 3000ದ 9 ಇಂಚೂ ಚಿಕ್ಕದೇನಲ್ಲ, ಆದರೂ ವ್ಯತ್ಯಾಸ ಗೊತ್ತಾಗುತ್ತದೆ. ಜಾಗ್ ಚಕ್ರವೂ ಇನ್ನಷ್ಟು ಹಗುರವಾಗಿ ತಿರುಗುತ್ತದೆ. ಮನೆಗೆ ಹಿಂತಿರುಗುವಾಗ ನೈಸ್ ರಸ್ತೆಯ ಉದ್ದಕ್ಕೂ ಬಡ್ಡಿಯ ಲೆಕ್ಕ ಹಾಕುತ್ತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಲೆಕ್ಕ ಹೊಂದಲಿಲ್ಲ. ನನ್ನ ಗಿರಾಕಿಗಳಲ್ಲಿ ಒಬ್ಬರೂ "ಯಾವ ಪ್ಲೇಯರ್ ತರುತ್ತೀರಿ" ಎಂದು ಕೇಳಿದವರಲ್ಲ. ಕೇಳುವುದು ಸ್ಪೀಕರ್ ಎಷ್ಟು, ಲೈಟು ಎಷ್ಟು, ಹೊಗೆ ಯಂತ್ರ ಇದೆಯೇ ಎಂದು. ಅದೇ ಹಣದ ಒಂದು ಪಾಲಿನಲ್ಲಿ ಒಳ್ಳೆಯ ಆನ್‌ಲೈನ್ ಯುಪಿಎಸ್ ಬರುತ್ತದೆ. ಕರೆಂಟು ಹೋಗಿ ಮಂಟಪದ ಜನರೇಟರ್ ಏಳುವ ನಡುವೆ ಪ್ಲೇಯರ್ ಆರಿ ಮತ್ತೆ ಹೊತ್ತಿಕೊಳ್ಳುವವರೆಗೆ ಸಭಾಂಗಣದಲ್ಲಿ ಉಳಿಯುವ ಮೌನವನ್ನು ಅನುಭವಿಸಿದವರಿಗೆ, ಮೊದಲು ಯಾವುದನ್ನು ಕೊಳ್ಳಬೇಕೆಂದು ನಾನು ಹೇಳಬೇಕಾಗಿಲ್ಲ.

ಹೀಗಾಗಿ 3000 ಇರುವವರು ಸದ್ಯಕ್ಕೆ ಸುಮ್ಮನಿರಿ. ಎಲ್ಲರ ಕೈಯಲ್ಲೂ ಬಳಕೆಯಾಗುವ ಯಂತ್ರಗಳನ್ನು ಹೊಸದಾಗಿ ಕೊಳ್ಳಬೇಕಾದ ಪಬ್ ಅಥವಾ ಬಾಡಿಗೆ ವ್ಯವಹಾರದವರಿಗೆ ಎಕ್ಸ್ ಸರಿಯಾದ ಆಯ್ಕೆ. 2000 ನೆಕ್ಸಸ್ 2 ಹಿಡಿದುಕೊಂಡಿರುವ ನನ್ನಂಥ ಮದುವೆ ಮನೆಯವರು, ಮಿಕ್ಸರ್ ಹೊಂದುವುದಾದರೆ, ಬಳಸಿದ 3000 ಜೋಡಿಯನ್ನು ಹುಡುಕಿ. ಜನ ಎಕ್ಸ್‌ಗೆ ಬದಲಾದಂತೆ ಅವು ಮಾರಾಟಕ್ಕೆ ಬರುತ್ತಿವೆ. ನೋಡಲು ಹೋದಾಗ ನಿಮ್ಮದೇ ಪೆನ್ ಡ್ರೈವ್ ಒಯ್ದು, ಪ್ಲೇ ಮತ್ತು ಕ್ಯೂ ಗುಂಡಿಗಳನ್ನು ಬೇಗ ಬೇಗ ಒತ್ತಿ ನೋಡಿ, ಪರದೆಯ ನಾಲ್ಕೂ ಮೂಲೆಗಳನ್ನು ಮುಟ್ಟಿ ನೋಡಿ. ಮತ್ತೊಂದು: 3000 ಹಳೆಯದಕ್ಕಿಂತ ಸುಮಾರು 5 ಸೆಂಟಿಮೀಟರ್ ಉದ್ದ. ನಿಮ್ಮ ಹಳೆಯ ಫ್ಲೈಟ್ ಕೇಸ್‌ನಲ್ಲಿ ಅದು ಕೂರುವುದಿಲ್ಲ. ಕೇಸ್ ಮಾಡುವವರಿಗೆ ಮುಂಗಡ ಕೊಟ್ಟು, ಲಗ್ನದ ಸೀಸನ್ ಶುರುವಾಗುವ ಮೊದಲೇ ಅಳತೆ ಬರೆಸಿಡಿ.