ಟರ್ಪೆಂಟೈನ್, ಥಿನ್ನರ್, ಅಸಿಟೋನ್: ಒಂದು ಗೇಟಿಗೆ ಬಣ್ಣ ಹಚ್ಚಿ ಕಲಿತದ್ದು

ಏಪ್ರಿಲ್‌ನಲ್ಲಿ ವಿಜಯಪುರದ ನಮ್ಮ ಮನೆ ಗೇಟಿಗೆ ನಾನೇ ಆಯಿಲ್ ಪೇಂಟ್ ಹಚ್ಚಿದೆ. ಪೇಂಟರ್ ಕೇಳಿದ ಕೂಲಿ ಕೊಡೋಕೆ ಮನಸ್ಸು ಬರಲಿಲ್ಲ, ಅಷ್ಟೇ. ಬಣ್ಣ ತೆಳು ಮಾಡೋಕೆ, ಬ್ರಷ್ ತೊಳೆಯೋಕೆ, ನೆಲಕ್ಕೆ ಬಿದ್ದ ಹನಿ ತೆಗೆಯೋಕೆ ಅಂತ ಟರ್ಪೆಂಟೈನ್, ಎನ್‌ಸಿ ಥಿನ್ನರ್ (ನೈಟ್ರೋಸೆಲ್ಯುಲೋಸ್ ಬಣ್ಣ ತೆಳು ಮಾಡೋದು), ಅಸಿಟೋನ್ ಮೂರನ್ನೂ ತಂದಿಟ್ಟಿದ್ದೆ. ಮೂರೂ ನೋಡೋಕೆ ನೀರಿನ ಹಾಗೇ ಇರುತ್ತವೆ, ಒಂದು ಮುಗಿದರೆ ಇನ್ನೊಂದು ಅಂದುಕೊಂಡಿದ್ದೆ.

ಎರಡನೇ ಕೋಟಿನ ಹೊತ್ತಿಗೆ ಟರ್ಪೆಂಟೈನ್ ಮುಗಿಯಿತು. ಅಂಗಡಿಗೆ ಯಾರು ಹೋಗಬೇಕು ಅಂತ ಸುಮ್ನೆ ಥಿನ್ನರನ್ನೇ ಬಣ್ಣಕ್ಕೆ ಸುರಿದೆ. ಹಿಂದಿನ ದಿನದ ಬಣ್ಣ ಮೇಲೆ ಒಣಗಿತ್ತು, ಒಳಗೆ ಇನ್ನೂ ಹಸಿ. ಸ್ವಲ್ಪ ಹೊತ್ತಿನಲ್ಲೇ ಅದು ಹಾಲಿನ ಕೆನೆ ಹಾಗೆ ಸುಕ್ಕುಗಟ್ಟಿ ಎದ್ದಿತು. ಪಕ್ಕದ ಮನೆ ಕಾಕಾ ಬಂದು ನೋಡಿ, "ತಮ್ಮಾ, ಥಿನ್ನರ್ ಅಂದ್ರ ಗ್ಯಾರೇಜಿನ್ಯಾಗ ಸ್ಪ್ರೇ ಹೊಡಿಯೋ ಬಣ್ಣಕ್ಕ. ಇದಕ್ಯಾಕ ಹಾಕಿದಿ?" ಅಂದರು. ಅಷ್ಟನ್ನೂ ಕೆರೆದು, ಸ್ಯಾಂಡ್ ಪೇಪರ್ ಉಜ್ಜಿ ಮತ್ತೆ ಹಚ್ಚಿದೆ. ಒಂದು ಇಡೀ ಭಾನುವಾರ ಹೋಯಿತು.

ಬ್ರಷ್ ತೊಳೆಯೋಕೂ ಟರ್ಪೆಂಟೈನೇ ಸರಿ. ಮೂರು ಸಲ ಅದ್ದಿ ಹಿಂಡಿ, ಆಮೇಲೆ ಸೋಪು ಹಚ್ಚಿದರೆ ಕೂದಲು ಮೆತ್ತಗೆ ಉಳಿಯುತ್ತದೆ. ತೊಳೆದ ಟರ್ಪೆಂಟೈನ್ ಚೆಲ್ಲಬೇಡಿ. ಮುಚ್ಚಳ ಹಾಕಿಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಮತ್ತೆ ಬಳಸಬಹುದು. ಅಸಿಟೋನ್ ಈ ಕೆಲಸಕ್ಕೆ ದಂಡ. ಅದು ಕುದಿಯೋದೇ 56 ಡಿಗ್ರಿಗೆ, ನಮ್ಮ ಬಿಸಿಲಲ್ಲಿ ಬಟ್ಟಲಿಗೆ ಹಾಕಿ ಬ್ರಷ್ ತರೋದರೊಳಗೆ ಅರ್ಧ ಹಾರಿಹೋಗಿರುತ್ತದೆ.

ಆದರೆ ವಾರದ ಹಿಂದೆ ಬಿದ್ದು ಗಟ್ಟಿಯಾದ ಹನಿಗೆ ಟರ್ಪೆಂಟೈನ್ ಎಷ್ಟು ತಿಕ್ಕಿದರೂ ಏನೂ ಆಗಲ್ಲ. ಅಲ್ಲಿ ಅಸಿಟೋನ್ ಗೆದ್ದಿತು. ಹತ್ತಿಯಲ್ಲಿ ಅದ್ದಿ ಹನಿಯ ಮೇಲಿಟ್ಟು, ಮೆತ್ತಗಾದ ಮೇಲೆ ಹಳೇ ಎಟಿಎಂ ಕಾರ್ಡಿನಿಂದ ಕೆರೆದೆ, ಟೈಲ್ಸ್ ಮೇಲೆ ಗುರುತೂ ಉಳಿಯಲಿಲ್ಲ. ಥಿನ್ನರ್ ಕೂಡ ತೆಗೆಯಿತು, ಸ್ವಲ್ಪ ನಿಧಾನ. ಇದೇ ಹುರುಪಿನಲ್ಲಿ ಹೆಲ್ಮೆಟ್ ಗಾಜಿನ ಮೇಲಿದ್ದ ಚುಕ್ಕೆಗೂ ಅಸಿಟೋನ್ ಒರೆಸಿದೆ. ಅದು ಗಾಜಲ್ಲ, ಪ್ಲಾಸ್ಟಿಕ್ ಅಲ್ವಾ, ಮಂಜು ಕವಿದ ಹಾಗಾಯಿತು. ಥರ್ಮಾಕೋಲ್ ಅಂತೂ ಇದರಲ್ಲಿ ಕರಗಿಯೇ ಹೋಗುತ್ತದೆ.

ಇನ್ನು ಬೆಂಕಿಯ ಮಾತು. ಟರ್ಪೆಂಟೈನ್‌ನಿಂದ ಭಯವಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ನಾನೂ ನಂಬಿದ್ದೆ. ಕಿಡಿ ತಗುಲಿದರೆ ಹತ್ತಿಕೊಳ್ಳುವಷ್ಟು ಆವಿ ಏಳೋಕೆ ಬೇಕಾದ ಕನಿಷ್ಠ ಶಾಖಕ್ಕೆ ಫ್ಲ್ಯಾಶ್ ಪಾಯಿಂಟ್ ಅನ್ನುತ್ತಾರೆ. ಅಸಿಟೋನ್‌ಗೆ ಅದು ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ. ಥಿನ್ನರ್‌ನಲ್ಲಿ ಸಾಮಾನ್ಯವಾಗಿ ಇರುವ ಟೊಲ್ಯೂಯಿನ್‌ಗೆ 4 ಡಿಗ್ರಿ. ಟರ್ಪೆಂಟೈನ್‌ಗೆ ಸುಮಾರು 35. ಬೆಳಗಾವಿಯ ಡಿಸೆಂಬರ್ ಚಳಿಯಲ್ಲಿ ಟರ್ಪೆಂಟೈನ್ ಮಟ್ಟಿಗೆ ಈ ಲೆಕ್ಕ ನಿಮ್ಮ ಪರವಾಗಿದೆ. ವಿಜಯಪುರದ ಏಪ್ರಿಲ್ ಮಧ್ಯಾಹ್ನ 40 ದಾಟಿದಾಗ ಟರ್ಪೆಂಟೈನ್ ಕೂಡ ಆ ಗೆರೆ ದಾಟಿರುತ್ತದೆ. ಮೂರರ ಆವಿಯೂ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ನಾನು ಪಡಸಾಲೆಯಲ್ಲಿ ಡಬ್ಬಿ ತೆರೆದಿಟ್ಟು ಬ್ರಷ್ ತೊಳೆಯುತ್ತಿದ್ದೆ, ನಾಲ್ಕು ಹೆಜ್ಜೆ ಆಚೆ ದೇವರ ಮನೆಯಲ್ಲಿ ದೀಪ ಉರಿಯುತ್ತಿತ್ತು. ಅವ್ವ ಬೈದ ಮೇಲೆ ಅಂಗಳಕ್ಕೆ ಹೋದೆ. ಅವಳು ಬೈದಿದ್ದು ವಾಸನೆಗೆ, ಬೆಂಕಿಗಲ್ಲ.

ವಾಸನೆ ವಿಷಯದಲ್ಲಿ ಥಿನ್ನರ್ ಎಲ್ಲಕ್ಕಿಂತ ಕೆಟ್ಟದ್ದು. ಟೊಲ್ಯೂಯಿನ್ ನರಗಳಿಗೆ ವಿಷ, ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆಗೇ ನನಗೆ ತಲೆ ಹಿಡಿದುಕೊಂಡಿತು. ಬಟ್ಟೆ ಮಾಸ್ಕ್ ಆವಿಯನ್ನು ತಡೆಯಲ್ಲ. ಅಸಿಟೋನ್ ಅಷ್ಟು ವಿಷವಲ್ಲ, ನಮ್ಮ ದೇಹದಲ್ಲೇ ಸ್ವಲ್ಪ ಹುಟ್ಟುತ್ತದೆ. ಆದರೆ ಚರ್ಮದ ಜಿಡ್ಡು ಎಳೆದು ಕೈ ಬಿಳಿಚಿ ಒಡೆಯುತ್ತದೆ.

ಯಾವುದನ್ನೂ ನೀರಿನ ಬಾಟಲಿಗೆ ಹಾಕಿಡಬೇಡಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸೋಕೆ ಹೋಗಬೇಡಿ, ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಅಪಾಯ. ಡಬ್ಬಿ ಸಮೇತ ನೇರ ಆಸ್ಪತ್ರೆಗೆ ಓಡಿ.

ಈಗ ಮನೆಯಲ್ಲಿ ಟರ್ಪೆಂಟೈನ್ ಒಂದು ಲೀಟರ್, ಅಸಿಟೋನ್ ಒಂದು ಸಣ್ಣ ಸೀಸೆ ಇದೆ. ಉಳಿದ ಥಿನ್ನರ್ ನಮ್ಮ ಓಣಿಯ ಗ್ಯಾರೇಜಿನ ಹುಡುಗನಿಗೆ ಕೊಟ್ಟೆ.